ಚಲಿಸುವ ಕಾರಿನಲ್ಲಿ ಉಪಗ್ರಹ ರೇಡಿಯೊ



ಕಾರಿನಲ್ಲಿ ಕುಳಿತು ರೇಡಿಯೊ ಕೇಳುವುದು ನಿಮಗೆ ಹೊಸ ಸಂಗತಿಯೇನಲ್ಲ. ಶ್ರೀರಂಗಪಟ್ಟಣದಲ್ಲಿ ಮೈಸೂರು ಆಕಾಶವಾಣಿ 100.6 ಮೆಗಾಹರ್ಟ್ಸ್‌ನಲ್ಲಿ ನಿಚ್ಚಳವಾಗಿ ಸಿಗುತ್ತದೆ. ಕೃಷ್ಣರಾಜಪೇಟೆ ದಾಟಿ ಹಾಸನದ ದಿಕ್ಕಿಗೆ ಸಾಗಿದಂತೆ ಅದು ಕುಂದುತ್ತ ಬಂದು, 102.2ರ ಹಾಸನ ಕೇಂದ್ರ ಗಟ್ಟಿಯಾಗುತ್ತದೆ. ನಡುವೆ ಒಂದಷ್ಟು ದೂರ ಎರಡೂ ಗೊರಗುಟ್ಟುತ್ತವೆ. ಪ್ರಸಾರ ಗೋಪುರದಿಂದ ದೂರ ಸರಿದಂತೆ ಧ್ವನಿ ಕ್ಷೀಣಿಸುವುದು ನೆಲದ ರೇಡಿಯೊದ ಸ್ವಭಾವ.

'ಆಕಾಶವಾಣಿ' ಎಂಬ ಹೆಸರು ನಮ್ಮ ಮೈಸೂರಿನದೇ ಎಂಬುದನ್ನು ನೀವು ಓದಿರುತ್ತೀರಿ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ತೆರೆದ ಖಾಸಗಿ ನಿಲಯದ ಹೆಸರದು. ಆದರೆ ಆ ವಾಣಿ ಹೊರಡುತ್ತಿದ್ದುದು ನೆಲದ ಮೇಲಿನ ಕಂಬದಿಂದ. ಅಕ್ಷರಶಃ ಆಕಾಶದಿಂದಲೇ ಇಳಿದು ನಮ್ಮ ಮಂಡ್ಯ ಜಿಲ್ಲೆಯ ಮನೆಗಳಿಗೆ ಬಂದ ರೇಡಿಯೊ ಬೇರೊಂದಿತ್ತು. ಅದು ಸುಮಾರು ಹತ್ತು ವರ್ಷ ಇದ್ದು, ನಿಂತುಹೋಯಿತು. ಅದನ್ನು ಒಂದು ಕಾರಿಗೆ ಅಳವಡಿಸಲು ನಾನು ಪಟ್ಟ ಪಾಡನ್ನು, ಆ ಪಾಡಿನಲ್ಲಿ ಕಲಿತ ಭೌತಶಾಸ್ತ್ರವನ್ನು ಈ ದಿನ ನಿಮ್ಮ ಮುಂದಿಡುತ್ತೇನೆ. ನಾನು ಬಿ.ಎಸ್ಸಿ. ಮುಗಿಸಿ ಬಂದವನು. ಪರೀಕ್ಷೆಯಲ್ಲಿ ಓಮ್‌ನ ನಿಯಮಕ್ಕೆ ಪೂರ್ಣ ಅಂಕ ಪಡೆದಿದ್ದವನು. ಆ ಅಂಕಗಳು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂದವು ಎಂಬುದು ಮುಂದೆ ತಿಳಿಯುತ್ತದೆ.

ಆ ರೇಡಿಯೊದ ಹೆಸರು ವರ್ಲ್ಡ್‌ಸ್ಪೇಸ್. ಆಫ್ರಿಕಾ ಖಂಡಕ್ಕಾಗಿ ಆಫ್ರಿಸ್ಟಾರ್ ಎಂಬ ಉಪಗ್ರಹವನ್ನು 1998ರ ಅಕ್ಟೋಬರ್‌ನಲ್ಲಿ ಹಾರಿಬಿಟ್ಟ ಈ ಸಂಸ್ಥೆ, ಏಷ್ಯಾಕ್ಕಾಗಿ ಏಷ್ಯಾಸ್ಟಾರ್ ಉಪಗ್ರಹವನ್ನು 2000ದ ಮಾರ್ಚ್‌ನಲ್ಲಿ ಕಳುಹಿಸಿತು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಏರಿಯಾನ್-5 ರಾಕೆಟ್ ಅದನ್ನು ಹೊತ್ತು ಮೇಲೇರಿದಾಗ ಅಲ್ಲಿ 21ನೇ ತಾರೀಖಿನ ರಾತ್ರಿ, ನಮ್ಮಲ್ಲಿ 22ರ ಬೆಳಗಿನ ಜಾವ. ಅದೇ ರಾಕೆಟ್ಟಿನಲ್ಲಿ ಇನ್ನೊಂದು ಉಪಗ್ರಹವೂ ಇತ್ತು: ನಮ್ಮ ದೇಶದ ಇನ್ಸಾಟ್-3ಬಿ. ಅದನ್ನು ಕಕ್ಷೆಯಲ್ಲಿ ನಡೆಸಿದವರು ಕೃಷ್ಣರಾಜಪೇಟೆಯಿಂದ ಅಷ್ಟೇನೂ ದೂರವಲ್ಲದ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು. ಒಂದೇ ಬಂಡಿಯಲ್ಲಿ ಹೋದ ಇಬ್ಬರು ಪ್ರಯಾಣಿಕರಲ್ಲಿ ಒಬ್ಬರ ಲಗಾಮು ಹಾಸನದಲ್ಲಿತ್ತು, ಇನ್ನೊಬ್ಬರ ಹಾಡು ನಮ್ಮ ಮನೆಗಳಲ್ಲಿ ಕೇಳಿಸಿತು. ರಾಕೆಟ್ ಎಂದಾಗ ಶ್ರೀರಂಗಪಟ್ಟಣದವರು ಎದೆಯುಬ್ಬಿಸಿಕೊಂಡರೆ ತಪ್ಪೇನಿಲ್ಲ. ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು 1799ರ ನಂತರ ಇಂಗ್ಲೆಂಡಿಗೆ ಹೋಗಿ ಅಲ್ಲಿನವರಿಗೆ ಪಾಠವಾದುವಷ್ಟೆ.

ವರ್ಲ್ಡ್‌ಸ್ಪೇಸ್‌ನಲ್ಲಿ ಕನ್ನಡಕ್ಕೆಂದೇ 'ಸ್ಪರ್ಶ' ಎಂಬ ವಾಹಿನಿ ಇತ್ತು. ಕರ್ನಾಟಕ ಸಂಗೀತಕ್ಕೆ 'ಶ್ರುತಿ', ಹಿಂದುಸ್ತಾನಿಗೆ 'ಗಾಂಧರ್ವ' ಇದ್ದವು. ಜಾಹೀರಾತಿಲ್ಲದೆ, ಗೊರಗೊರ ಶಬ್ದವಿಲ್ಲದೆ ಹಗಲು ರಾತ್ರಿ ಸಂಗೀತ. ಇದಕ್ಕಾಗಿ ಬೇರೆಯದೇ ರಿಸೀವರ್ ಪೆಟ್ಟಿಗೆ ಕೊಳ್ಳಬೇಕಿತ್ತು, ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಬೇಕಿತ್ತು. ಪೆಟ್ಟಿಗೆಯ ಜೊತೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಚಪ್ಪಟೆ ಆಂಟೆನಾ ಬರುತ್ತಿತ್ತು. ಅದನ್ನು ಕಿಟಕಿಯ ಬಳಿಯೋ ತಾರಸಿಯ ಮೇಲೋ ಇಟ್ಟು, ಪೂರ್ವದ ಆಕಾಶಕ್ಕೆ ಮುಖಮಾಡಿ ಓರೆಯಾಗಿ ನಿಲ್ಲಿಸಿದರೆ ಹಾಡು ಬರುತ್ತಿತ್ತು.

ನನ್ನ ಸೋದರಮಾವ ಶ್ರೀರಂಗಪಟ್ಟಣದ ಗಂಜಾಮಿನಲ್ಲಿದ್ದರು. ಬೆಲ್ಲದ ವ್ಯಾಪಾರ. ವಾರಕ್ಕೆರಡು ಸಲ ತಮ್ಮ ಹಳೆಯ ಅಂಬಾಸಿಡರ್ ಕಾರಿನಲ್ಲಿ ಪಾಂಡವಪುರ, ಚಿನಕುರಳಿ, ಕೃಷ್ಣರಾಜಪೇಟೆ, ಅಲ್ಲಿಂದ ನಾಗಮಂಗಲ, ಮತ್ತೆ ಜಕ್ಕನಹಳ್ಳಿಯ ಮೇಲೆ ಪಾಂಡವಪುರಕ್ಕೆ ಇಳಿದು ಮನೆ, ಹೀಗೆ ಆಲೆಮನೆಗಳ ಸುತ್ತು ಹಾಕಿ ಬರುತ್ತಿದ್ದರು. ಸಂಗೀತದ ಹುಚ್ಚು ಬಹಳ. 2006ರಲ್ಲಿ ಅವರು ಆ ಪೆಟ್ಟಿಗೆ ಕೊಂಡು, ಒಂದು ತಿಂಗಳು ಮನೆಯಲ್ಲಿ ಕೇಳಿ, ಆಮೇಲೆ ನನ್ನನ್ನು ಕರೆಸಿದರು. "ನೀನು ಸೈನ್ಸ್ ಓದಿದೋನು ಅಳಿಯ, ಇದನ್ನ ಕಾರಿಗೆ ಕೂರಿಸಿಕೊಡು" ಎಂದರು. ಕಂಪನಿಯ ಪುಸ್ತಿಕೆಯಲ್ಲಿ ಅದು ಮನೆಯ ಉಪಯೋಗಕ್ಕೆ ಎಂದೇ ಇತ್ತು. ಆದರೂ ನಾನು ಆಗಲಿ ಎಂದೆ.

ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ಬಿಗಿದೆ. ಅದರ ಧ್ವನಿಯನ್ನು ಕಾರಿನ ಟೇಪ್‌ರೆಕಾರ್ಡರಿಗೆ ಸೇರಿಸಲು, ಕ್ಯಾಸೆಟ್ಟಿನ ಆಕಾರದಲ್ಲೇ ಇದ್ದು ಹಿಂದೆ ಒಂದು ವೈರು ನೇತಾಡುವ ಅಡಾಪ್ಟರ್ ಆಗ ಅಂಗಡಿಗಳಲ್ಲಿ ಸಿಗುತ್ತಿತ್ತು. ಅದು ಸುಲಭವಾಯಿತು. ಆಂಟೆನಾವನ್ನು ಮನೆಯ ಮುಂದೆ ಕಾರು ನಿಂತಿದ್ದಾಗಲೇ ಮಾಡಿನ ಮೇಲಿಟ್ಟು, ತಿರುಗಿಸಿ ತಿರುಗಿಸಿ, ಸಿಗ್ನಲ್ ಅತಿ ಹೆಚ್ಚು ಸಿಗುವ ಓರೆಯಲ್ಲಿ ಮರದ ತುಂಡು ಕೊಟ್ಟು ಕಟ್ಟಿದೆ. ಕಾರಿನ ಮೂತಿ ಉತ್ತರಕ್ಕಿತ್ತು. ಆದ್ದರಿಂದ ಆಂಟೆನಾ ಕಾರಿನ ಬಲಪಕ್ಕಕ್ಕೆ ಓರೆಯಾಗಿ ನಿಂತಿತು. ಹಾಡು ಅಮೋಘವಾಗಿ ಬಂತು. ಮಾವ ಸಂತೋಷದಿಂದ ಹೊರಟರು.

ಸಂಜೆ ಬಂದವರೇ ಹೇಳಿದ್ದು: "ಪಾಂಡವಪುರದ ತನಕ ಚೆನ್ನಾಗಿ ಹಾಡ್ತು ಕಣಪ್ಪ. ಕೆಆರ್ ಪೇಟೆ ದಾರೀಲಿ ಬಂದು ಬಂದು ಹೋಯ್ತು. ನಾಗಮಂಗಲಕ್ಕೆ ಹೋಗೋವಾಗ ಮತ್ತೆ ಚೆನ್ನಾಗಿ ಬಂತು. ವಾಪಸ್ ಬರೋವಾಗ ಒಂದು ಸೊಲ್ಲೂ ಇಲ್ಲ. ಮೇಲುಕೋಟೆ ಬೆಟ್ಟ ಅಡ್ಡ ಬರ್ತದೆ ಅಂತ ಕಾಣ್ತದೆ."

ಮಾವನ ವರದಿ ಒಳ್ಳೆಯ ಪ್ರಯೋಗದ ವರದಿಯಂತಿತ್ತು. ಅವರ ತೀರ್ಮಾನ ಮಾತ್ರ ಸರಿಯಿರಲಿಲ್ಲ. ನಾಗಮಂಗಲದಿಂದ ಪಾಂಡವಪುರಕ್ಕೆ ಇಳಿಯುವಾಗ ಮೇಲುಕೋಟೆ ಬೆಟ್ಟವಿರುವುದು ಬಲಕ್ಕೆ, ಪಶ್ಚಿಮದಲ್ಲಿ. ಉಪಗ್ರಹವಿದ್ದದ್ದು ಪೂರ್ವದಲ್ಲಿ. ಬೆನ್ನ ಹಿಂದಿರುವ ಬೆಟ್ಟ ಎದುರಿನ ದೀಪವನ್ನು ಮರೆಮಾಡಲಾರದು. ನಾನು ಒಂದು ಕಾಗದ ತೆಗೆದುಕೊಂಡು ಕುಳಿತೆ. ನೀವೂ ಈಗ ಒಂದು ಕಾಗದ ತೆಗೆದುಕೊಳ್ಳಿ.

ಏಷ್ಯಾಸ್ಟಾರ್ ಇದ್ದದ್ದು ಸಮಭಾಜಕ ವೃತ್ತದ ಮೇಲೆ, 105 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನೆಲದಿಂದ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆ ಅದು. ಅಲ್ಲಿರುವ ಉಪಗ್ರಹ ಭೂಮಿ ತಿರುಗುವ ವೇಗದಲ್ಲೇ ತಿರುಗುವುದರಿಂದ ನಮ್ಮ ಕಣ್ಣಿಗೆ ಆಕಾಶದಲ್ಲಿ ನಿಂತಲ್ಲೇ ನಿಂತಂತೆ. ನಮ್ಮ ನಾಲ್ಕು ತಾಲ್ಲೂಕುಗಳು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶ, 76.6 ಡಿಗ್ರಿ ಪೂರ್ವ ರೇಖಾಂಶದಲ್ಲಿ. ತ್ರಿಕೋನಮಿತಿಯ ಲೆಕ್ಕ ಹಾಕಿದರೆ ಇಲ್ಲಿಂದ ಆ ಉಪಗ್ರಹ ಕಾಣಬೇಕಾದ ದಿಕ್ಕು ನೇರ ಪೂರ್ವದಿಂದ ಸುಮಾರು 22 ಡಿಗ್ರಿ ದಕ್ಷಿಣಕ್ಕೆ, ಎತ್ತರ ದಿಗಂತದಿಂದ ಸುಮಾರು 54 ಡಿಗ್ರಿ. ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಕಣ್ಣಿಗೆ ಹತ್ತಿರ ಹತ್ತಿರ 10 ಡಿಗ್ರಿ. ದಿಗಂತದಿಂದ ಒಂದರ ಮೇಲೊಂದು ಐದೂವರೆ ಮುಷ್ಟಿ ಎಣಿಸಿದರೆ ಆ ಜಾಗ. ಬೆಳಗ್ಗೆ ಒಂಬತ್ತೂವರೆ ಹತ್ತರ ಸುಮಾರಿಗೆ ಸೂರ್ಯ ಇರುವಷ್ಟು ಮೇಲೆ ಎಂದುಕೊಳ್ಳಿ. ಮೇಲುಕೋಟೆ ಬೆಟ್ಟ ಪೂರ್ವದಲ್ಲೇ ಇದ್ದಿದ್ದರೂ ಅಷ್ಟು ಎತ್ತರಕ್ಕೆ ಅಡ್ಡ ಬರಬೇಕಾದರೆ ಕಾರು ಬೆಟ್ಟದ ಬುಡಕ್ಕೇ ಒರಗಿರಬೇಕು.

ಈಗ ಕಾಗದದ ಮೇಲೆ ನಾಲ್ಕು ಊರುಗಳನ್ನು ಗುರುತು ಮಾಡಿ. ಶ್ರೀರಂಗಪಟ್ಟಣದಿಂದ ಪಾಂಡವಪುರ ಉತ್ತರಕ್ಕೆ, ಕೊಂಚ ಪಶ್ಚಿಮಕ್ಕೆ ವಾಲಿ. ಅಲ್ಲಿಂದ ಕೃಷ್ಣರಾಜಪೇಟೆ ವಾಯವ್ಯಕ್ಕೆ. ಅಲ್ಲಿಂದ ನಾಗಮಂಗಲ ಈಶಾನ್ಯಕ್ಕೆ. ನಾಗಮಂಗಲದಿಂದ ಹಿಂದಿರುಗುವ ದಾರಿ ಹೆಚ್ಚುಕಡಿಮೆ ದಕ್ಷಿಣಕ್ಕೆ. ಕಾರಿನ ಬಲಪಕ್ಕಕ್ಕೆ ಓರೆಯಾಗಿ ಕಟ್ಟಿದ ಆಂಟೆನಾ ಕಾರಿನೊಡನೆ ತಾನೂ ತಿರುಗುತ್ತದೆ. ಉತ್ತರಕ್ಕೆ ಹೋಗುವಾಗ ಬಲಪಕ್ಕ ಎಂದರೆ ಪೂರ್ವ. ಉಪಗ್ರಹ ಆಂಟೆನಾದ ನೋಟದಿಂದ ಇಪ್ಪತ್ತಮೂರು ಡಿಗ್ರಿಯಷ್ಟು ಮಾತ್ರ ಆಚೆ. ಚಿನಕುರಳಿಯ ದಾರಿಯಲ್ಲಿ ಅದು ಸುಮಾರು 39 ಡಿಗ್ರಿ. ಬಂದು ಬಂದು ಹೋಗುವ ಸ್ಥಿತಿ. ನಾಗಮಂಗಲದ ದಾರಿಯಲ್ಲಿ ಮತ್ತೆ 21. ವಾಪಸು ದಕ್ಷಿಣಕ್ಕೆ ಮೂತಿ ತಿರುಗಿಸಿದೊಡನೆ ಬಲಪಕ್ಕವೆಂದರೆ ಪಶ್ಚಿಮ. ಉಪಗ್ರಹ 72 ಡಿಗ್ರಿ ಆಚೆ. ಅಂದರೆ ಆಂಟೆನಾ ಉಪಗ್ರಹಕ್ಕೆ ಬೆನ್ನು ಹಾಕಿಕೊಂಡಿತ್ತು. ಮಾವನ ಮಾತಿನ ನಾಲ್ಕು ವಾಕ್ಯಗಳೂ ಈ ನಾಲ್ಕು ಅಂಕಿಗಳಿಗೆ ಸರಿಹೊಂದಿದವು.

ಪರಿಹಾರವೇನು? ಬಹಳ ಹೊತ್ತು ತಲೆ ಕೆಡಿಸಿಕೊಂಡೆ. ಕಾರು ತಿರುಗಿದಂತೆ ಆಂಟೆನಾ ತಾನೇ ತಿರುಗುವಂತೆ ಮೋಟಾರು ಇಡುವ ಯೋಜನೆಯ ಚಿತ್ರವನ್ನೂ ಬರೆದೆ. ಕೊನೆಗೆ ಹೊಳೆದದ್ದು ಇಷ್ಟೇ: ಆಂಟೆನಾವನ್ನು ಊಟದ ತಟ್ಟೆಯಂತೆ ಅಂಗಾತ ಮಲಗಿಸಿಬಿಡುವುದು. ಆಗ ಅದು ನೋಡುವುದು ನೆತ್ತಿಯನ್ನು. ನೆತ್ತಿಯಿಂದ ಉಪಗ್ರಹಕ್ಕೆ ಯಾವಾಗಲೂ 36 ಡಿಗ್ರಿ. ಕಾರು ಉತ್ತರಕ್ಕೆ ಹೋಗಲಿ, ದಕ್ಷಿಣಕ್ಕೆ ಬರಲಿ, ಆ 36 ಬದಲಾಗುವುದಿಲ್ಲ. ಇಂಥ ಚಪ್ಪಟೆ ಆಂಟೆನಾಗಳಲ್ಲಿ ಅಷ್ಟು ಓರೆಯಿಂದ ಬರುವ ಸಂಕೇತದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಲ್ಲ ಕಡೆಯೂ ಅರ್ಧ ಸಿಕ್ಕರೂ ಸಾಕು. ಒಂದು ಕಡೆ ಪೂರ್ತಿ ಸಿಕ್ಕಿ ಇನ್ನೊಂದು ಕಡೆ ಸೊನ್ನೆಯಾಗುವುದಕ್ಕಿಂತ ಅದೇ ವಾಸಿ. ರಿಸೀವರಿಗೆ ಆ ಅರ್ಧ ಹೇಗೋ ಸಾಕಾಯಿತು.

ಕಾರಿನ ಉಕ್ಕಿನ ಮಾಡೂ ಇಲ್ಲಿ ನೆರವಾಗುತ್ತದೆ. ಆಂಟೆನಾದ ಕೆಳಗೆ ಲೋಹದ ಹರವು ಇದ್ದರೆ ಅದು ಕನ್ನಡಿಯಂತೆ ವರ್ತಿಸಿ, ಕೆಳಗಿನ ಗದ್ದಲವನ್ನು ತಡೆದು, ನೋಟವನ್ನು ಮೇಲಕ್ಕೆ ಇಡುತ್ತದೆ. ಕ್ಯಾನ್ವಾಸ್ ಹೊದಿಕೆಯ ಜೀಪಾದರೆ ಒಂದು ತಗಡಿನ ತುಂಡನ್ನು ಅಡಿಗೆ ಇಡಬೇಕಾಗುತ್ತದೆ.

ಇನ್ನೊಂದು ಪ್ರಶ್ನೆ ಚುರುಕಾದ ವಿದ್ಯಾರ್ಥಿಗೆ ಹೊಳೆಯಬಹುದು. ಮನೆಯ ಹಳೆಯ ಟಿ.ವಿ. ಆಂಟೆನಾದ ಕಡ್ಡಿಗಳನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರೆ ಚಿತ್ರ ಮಸುಕಾಗುತ್ತಿತ್ತು. ಅಲೆಯ ಕಂಪನಕ್ಕೂ ಆಂಟೆನಾಕ್ಕೂ ಒಂದೇ ಹಾಸು ಇರಬೇಕು ಎಂಬುದು ಅದಕ್ಕೆ ಕಾರಣ. ಹಾಗಾದರೆ ಕಾರು ತಿರುಗಿದಾಗ ಮಲಗಿಸಿದ ಆಂಟೆನಾವೂ ತಿರುಗುತ್ತದಲ್ಲ, ಹೊಂದಾಣಿಕೆ ಕೆಡುವುದಿಲ್ಲವೇ? ಕೆಡುವುದಿಲ್ಲ. ಈ ಉಪಗ್ರಹದ ಅಲೆಗಳು ಸ್ಕ್ರೂ ಮೊಳೆಯ ತಿರುಪಿನಂತೆ ಸುತ್ತುತ್ತಾ ಬರುತ್ತಿದ್ದವು. ಇದಕ್ಕೆ ವೃತ್ತೀಯ ಧ್ರುವೀಕರಣ ಎನ್ನುತ್ತಾರೆ. ನಟ್ಟನ್ನು ಯಾವ ಕೋನದಿಂದ ಹಿಡಿದು ತೊಡಿಸಿದರೂ ಸ್ಕ್ರೂ ಅದರೊಳಗೆ ಹೋಗುತ್ತದೆ. ತಿರುಪು ಎಡವೋ ಬಲವೋ ಎಂಬುದೊಂದು ಹೊಂದಿದರೆ ಸಾಕು.

ಮುಂದಿನ ಸುತ್ತಿನಲ್ಲಿ ನಾನೂ ಜೊತೆಗೆ ಹೋದೆ. ಬಯಲಿನಲ್ಲಿ, ಕಬ್ಬಿನ ಗದ್ದೆಗಳ ನಡುವೆ ಹಾಡು ಕಡಿಯದೆ ಬಂತು. ಸಾಲುಮರಗಳ ಕೆಳಗೆ ಹೋದೊಡನೆ ನಿಂತಿತು. ಎಫ್ಎಂ ಆದರೆ ಗೊರಗುಟ್ಟುತ್ತಾ ಸೂಚನೆ ಕೊಟ್ಟು ಸಾಯುತ್ತದೆ. ಡಿಜಿಟಲ್ ಸಂಕೇತ ಹಾಗಲ್ಲ. ಒಂದು ಮಟ್ಟದವರೆಗೆ ಪೂರ್ತಿ ಸ್ವಚ್ಛ, ಅದಕ್ಕಿಂತ ಒಂದು ಗೆರೆ ಇಳಿದರೆ ಪೂರ್ತಿ ಮೌನ. ಮರ ದಾಟಿದ ಮೇಲೂ ರಿಸೀವರ್ ಮತ್ತೆ ಸಂಕೇತವನ್ನು ಹಿಡಿಯಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಇನ್ನೊಂದು ಆಲದ ಮರ. ಹಸಿ ಎಲೆ ಎಂದರೆ ನೀರು ತುಂಬಿದ ಪರದೆ. ಅದು ಈ ಅಲೆಗಳನ್ನು ಹೀರುತ್ತದೆ. ವಿಚಿತ್ರವೆಂದರೆ ಮಳೆ ಅಷ್ಟಾಗಿ ತೊಂದರೆ ಕೊಡಲಿಲ್ಲ. ಈ ರೇಡಿಯೊ ಬಳಸುತ್ತಿದ್ದುದು 1467ರಿಂದ 1492 ಮೆಗಾಹರ್ಟ್ಸ್. ಅಲೆಯ ಉದ್ದ ಸುಮಾರು 20 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಒಂದು ಗೇಣು. ಮಳೆಹನಿ ಅದರ ಮುಂದೆ ತೀರ ಚಿಕ್ಕದು. ನಿಮ್ಮ ಮನೆಯ ಡಿಟಿಎಚ್ ತಟ್ಟೆಗೆ ಬರುವ ಅಲೆ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಆದ್ದರಿಂದಲೇ ಜೋರು ಮಳೆಯಲ್ಲಿ ಧಾರಾವಾಹಿ ನಿಂತುಹೋಗುತ್ತದೆ.

ಅಮೆರಿಕದಲ್ಲಿ ಕಾರುಗಳಿಗೆಂದೇ ಉಪಗ್ರಹ ರೇಡಿಯೊ ತಂದವರು ಈ ಮರಗಿಡ, ಕಟ್ಟಡಗಳ ಕಾಟವನ್ನು ಮೊದಲೇ ಯೋಚಿಸಿದ್ದರು. 2001ರಲ್ಲಿ ಎಕ್ಸ್ಎಂ, ಮರುವರ್ಷ ಸಿರಿಯಸ್ ಪ್ರಸಾರ ತೊಡಗಿದಾಗ, ಒಂದೇ ಹಾಡನ್ನು ಆಕಾಶದ ಬೇರೆ ಬೇರೆ ಜಾಗದಲ್ಲಿರುವ ಉಪಗ್ರಹಗಳಿಂದ ಕೆಲವು ಸೆಕೆಂಡು ಹಿಂದೆಮುಂದೆ ಮಾಡಿ ಕಳುಹಿಸಿದರು. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ನಗರಗಳಲ್ಲಿ ನೆಲದ ಮೇಲೂ ಪುನಃಪ್ರಸಾರದ ಕಂಬಗಳನ್ನು ನೆಟ್ಟರು. ಈ ಎರಡು ಸಂಸ್ಥೆಗಳು 2008ರಲ್ಲಿ ಒಂದಾಗಿ ಈಗಲೂ ನಡೆಯುತ್ತಿವೆ. ನಮ್ಮ ದಾರಿಯಲ್ಲಿ ಅಂಥ ಕಂಬಗಳಿರಲಿಲ್ಲ. ಆಲದ ಮರಗಳಿದ್ದವು, ಅಷ್ಟೆ.

ಕೃಷ್ಣರಾಜಪೇಟೆಯಲ್ಲಿ ಇನ್ನೊಂದು ತಮಾಷೆ ನಡೆಯಿತು. ಆಲೆಮನೆಯಿಂದ ಹೊರಟ ಮೇಲೆ ಬಯಲಿನಲ್ಲೂ ಸದ್ದಿಲ್ಲ. ಕಾರು ನಿಲ್ಲಿಸಿ ನೋಡಿದರೆ, ಆಳು ಅಚ್ಚು ಬೆಲ್ಲದ ಎರಡು ಮೂಟೆಗಳನ್ನು ಮಾಡಿನ ಕ್ಯಾರಿಯರ್ ಮೇಲೆ, ಸರಿಯಾಗಿ ಆಂಟೆನಾದ ಮೇಲೆ ಹೇರಿದ್ದ. ಮೂವತ್ತಾರು ಸಾವಿರ ಕಿಲೋಮೀಟರ್ ದಾಟಿ ಬಂದ ಅಲೆ ಒಂದು ಗೇಣು ಬೆಲ್ಲ ದಾಟಲಾರದೆ ಹೋಯಿತು. ಮೂಟೆ ಡಿಕ್ಕಿಗೆ ಹೋಯಿತು, ಹಾಡು ಬಂತು.

ಕೇಬಲ್ಲಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಆಂಟೆನಾದಿಂದ ಪೆಟ್ಟಿಗೆಗೆ ಬರುವ ಕೋಆಕ್ಸಿಯಲ್ ಕೇಬಲ್ ಸಾಧಾರಣ ವೈರಲ್ಲ. ಒಳತಂತಿಗೂ ಹೊರಗಿನ ಜಾಲರಿಗೂ ನಡುವಿನ ಅಂತರ ಒಂದೇ ಸಮನಾಗಿರಬೇಕು. ಬಾಗಿಲ ಸಂದಿನಲ್ಲಿ ಅದು ಜಜ್ಜಿಹೋದರೆ ಸಂಕೇತ ಅಲ್ಲಿಂದಲೇ ಹಿಂದಕ್ಕೆ ಪ್ರತಿಫಲಿಸುತ್ತದೆ. ಬಾಗಿಲ ರಬ್ಬರಿನ ಮೆತ್ತನೆಯ ಕಡೆಯಲ್ಲಿ ಹಾಯಿಸಿ, ಒಳಗೆ ಬರುವ ಮೊದಲು ಕೆಳಮುಖವಾಗಿ ಒಂದು ಬಳುಕು ಕೊಟ್ಟರೆ ಮಳೆನೀರು ಅದರ ಗುಂಟ ಒಳಗಿಳಿಯದೆ ಆ ಬಳುಕಿನ ತುದಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಈಗಿನ ಹಲವು ಕಾರುಗಳಲ್ಲಿ ಕಿಟಕಿಯ ಮೇಲೆ, ಪಕ್ಕದ ಕಂಬಗಳ ಒಳಗೆ ಏರ್‌ಬ್ಯಾಗ್ ಮಡಚಿಟ್ಟಿರುತ್ತಾರೆ. ಅಲ್ಲಿ ಯಾವ ವೈರನ್ನೂ ಎಳೆಯಬಾರದು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಅದು ಆಂಟೆನಾದ ಸಂಗತಿಯಲ್ಲ. ಒಂದು ಫ್ಯೂಸಿನದು.

ಪೆಟ್ಟಿಗೆಗೆ ಬೇಕಾದದ್ದು ಕಾರಿನ ಬ್ಯಾಟರಿಗಿಂತ ಕಡಿಮೆ ವೋಲ್ಟು. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ 14 ವೋಲ್ಟಿನಷ್ಟಿರುತ್ತದೆ. ಅದನ್ನು ಇಳಿಸಲು ಒಂದು ರೆಗ್ಯುಲೇಟರ್ ಚಿಪ್ಪನ್ನು ಅಲ್ಯುಮಿನಿಯಂ ತುಂಡಿಗೆ ಬಿಗಿದು ಕೂರಿಸಿದೆ. ಟೇಪ್‌ರೆಕಾರ್ಡರಿನ ವೈರಿನಿಂದ ವಿದ್ಯುತ್ ತೆಗೆದುಕೊಂಡರೆ ಎಂಜಿನ್ ವೇಗಕ್ಕೆ ತಕ್ಕಂತೆ ಕುಂಯ್ ಎನ್ನುವ ಶಬ್ದ ಹಾಡಿನೊಳಗೆ ಸೇರುತ್ತಿತ್ತು. ಆದ್ದರಿಂದ ನೇರ ಬ್ಯಾಟರಿಯಿಂದಲೇ ಒಂದು ಕೆಂಪು ವೈರು ಎಳೆದೆ. ಅಂಬಾಸಿಡರಿನಲ್ಲಿ ಬ್ಯಾಟರಿ ಬಾನೆಟ್ಟಿನೊಳಗೆ. ವೈರು ಎಂಜಿನ್ ಕಡೆಗೂ ಕೂರುವ ಕಡೆಗೂ ನಡುವೆ ಇರುವ ತಗಡಿನ ತೂತಿನ ಮೂಲಕ ಒಳಗೆ ಬರಬೇಕು. ಬಂತು. ಜಾಗರೂಕನಾದ ನಾನು ಫ್ಯೂಸನ್ನು ಮರೆಯಲಿಲ್ಲ. ರೇಡಿಯೊ ಸುಟ್ಟುಹೋಗಬಾರದೆಂದು ಒಳ್ಳೆಯ ಗಾಜಿನ ಫ್ಯೂಸೊಂದನ್ನು ರೇಡಿಯೊದ ಪಕ್ಕದಲ್ಲೇ, ಕೈಗೆಟುಕುವಂತೆ, ಅಚ್ಚುಕಟ್ಟಾಗಿ ಹಾಕಿದೆ.

ತಪ್ಪು ಎಲ್ಲಿದೆ ಎಂದು ಇಲ್ಲಿಗೆ ನಿಮ್ಮಲ್ಲಿ ಕೆಲವರಿಗೆ ತಿಳಿದಿರಬೇಕು. ನನಗೆ ತಿಳಿಯಲು ಮೂರು ತಿಂಗಳು ಹಿಡಿಯಿತು.

ಆ ದಿನ ನಾಗಮಂಗಲದಲ್ಲಿ ನೆಂಟರ ಮನೆಯ ಕಾರ್ಯ ಮುಗಿಸಿಕೊಂಡು ಬರುತ್ತಿದ್ದೆವು. ಮಾವ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಮಡಿಲಲ್ಲಿ ನಿದ್ದೆ ಹೋದ ಮೊಮ್ಮಗು. ಜಕ್ಕನಹಳ್ಳಿ ದಾಟಿದ್ದೆವು. ಹಾಡು ತಟ್ಟನೆ ನಿಂತಿತು. ಮರ ಇರಬೇಕು ಎಂದುಕೊಂಡೆ. ಮರವಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಹಿಂದೆಯೇ ಬಿಳಿ ಹೊಗೆ. ನಾನು ಮೊದಲು ಮಾಡಿದ ಕೆಲಸ ಫ್ಯೂಸ್ ಕಿತ್ತದ್ದು. ಏನೂ ಆಗಲಿಲ್ಲ. ಹೊಗೆ ಹೆಚ್ಚಾಯಿತು. ಕಾಲಿನ ಬಳಿ ವೈರು ಕೆಂಪಗೆ ಕಾದು ಮ್ಯಾಟಿನ ಅಂಚು ಕರಗುತ್ತಿತ್ತು. ಮಾವ ಕಾರನ್ನು ಪಕ್ಕಕ್ಕೆ ಹಾಕಿ, ಅತ್ತೆಯನ್ನೂ ಮಗುವನ್ನೂ ಇಳಿಸಿ ದೂರ ಕಳುಹಿಸಿ, ಬಾನೆಟ್ ಎತ್ತಿದರು. ಬ್ಯಾಟರಿಯ ಹಿಡಿಕೆ ಬಿಚ್ಚಲು ಸ್ಪ್ಯಾನರ್ ಹುಡುಕುವಷ್ಟು ಹೊತ್ತಿರಲಿಲ್ಲ. ಗೋಣಿತಾಟನ್ನು ಕೈಗೆ ಸುತ್ತಿಕೊಂಡು ಆ ವೈರನ್ನೇ ಹಿಡಿದು ಜಗ್ಗಿ ಕಿತ್ತರು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅಷ್ಟಕ್ಕೇ ಮುಗಿಯಿತು. ಮಗುವಿಗೆ ಎಚ್ಚರವೂ ಆಗಿರಲಿಲ್ಲ.

ನಡೆದದ್ದು ಇಷ್ಟು. ತಗಡಿನ ತೂತಿಗೆ ರಬ್ಬರಿನ ಬಳೆ ಹಾಕಿರಲಿಲ್ಲ. ಮೂರು ತಿಂಗಳ ಕುಲುಕಾಟದಲ್ಲಿ ತಗಡಿನ ಅಂಚು ವೈರಿನ ಹೊದಿಕೆಯನ್ನು ಕೊಯ್ದು, ಒಳಗಿನ ತಾಮ್ರ ಕಾರಿನ ಮೈಗೆ ತಾಗಿತು. ಕಾರಿನ ಮೈ ಎಂದರೆ ಬ್ಯಾಟರಿಯ ಋಣ ತುದಿಯೇ. ವಿದ್ಯುತ್ತು ಬ್ಯಾಟರಿಯಿಂದ ಹೊರಟು ಆ ತೂತಿನ ಬಳಿಯಿಂದಲೇ ಹಿಂದಿರುಗಿತು. ರೇಡಿಯೊ ತನಕ, ಅಂದರೆ ನನ್ನ ಅಚ್ಚುಕಟ್ಟಾದ ಫ್ಯೂಸಿನ ತನಕ ಅದು ಬರಲೇ ಇಲ್ಲ.

ಇಲ್ಲಿ ಓಮ್‌ನ ನಿಯಮ ಹಾಕಿ ನೋಡಿ. ರೇಡಿಯೊ ಎಳೆಯುತ್ತಿದ್ದುದು ಒಂದು ಆಂಪಿಯರಿಗಿಂತ ಕಡಿಮೆ. ಆದರೆ ಕಾರಿನ ಬ್ಯಾಟರಿಯ ಒಳರೋಧ ತೀರ ಅಲ್ಪ. ಅದೂ ಒಂದು ಮೀಟರ್ ತೆಳು ವೈರೂ ಸೇರಿ 0.04 ಓಮ್ ಎಂದಿಟ್ಟುಕೊಂಡರೆ 12 ವೋಲ್ಟಿಗೆ 300 ಆಂಪಿಯರ್. ಅದರಲ್ಲಿ ವೈರಿನ ಪಾಲು 0.025 ಓಮ್ ಎಂದರೆ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿ, 2250 ವಾಟ್. ನಿಮ್ಮ ಮನೆಯಲ್ಲಿ ಬಕೆಟ್ಟಿನ ನೀರು ಕಾಯಿಸುವ ಕಾಯಿಲ್ 1500 ವಾಟಿನದಿರಬಹುದು. ತಾಗುವ ಕಡೆಯ ಅಡೆತಡೆಯಿಂದ ಇದು ಎಷ್ಟೋ ಕಡಿಮೆಯಾದರೂ ಆ ತೆಳು ವೈರು ಕೆಂಪಗಾಗಲು ಧಾರಾಳ ಸಾಕು. ಹನ್ನೆರಡೇ ವೋಲ್ಟು, ಮುಟ್ಟಿದರೆ ಶಾಕ್ ಕೂಡ ಹೊಡೆಯುವುದಿಲ್ಲ ಎಂಬ ಉಡಾಫೆ ನನ್ನಲ್ಲಿತ್ತು. ಶಾಕಿಗೆ ವೋಲ್ಟು ಬೇಕು, ಬೆಂಕಿಗೆ ಆಂಪಿಯರ್ ಸಾಕು.

ಕಾರನ್ನು ಪಾಂಡವಪುರದ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಬಳಿ ತಂದೆವು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವರಂತೆ. ಕರಕಲಾದ ವೈರನ್ನು ನೋಡಿ, ನನ್ನ ಫ್ಯೂಸನ್ನು ನೋಡಿ, ನನ್ನನ್ನು ನೋಡಿ ಹೇಳಿದರು: "ಫ್ಯೂಸ್ ಇರೋದು ರೇಡಿಯೊ ಕಾಯೋಕಲ್ಲ ಸಾ, ವೈರು ಕಾಯೋಕೆ." ಹೊಸ ವೈರು ಎಳೆದು, ಬ್ಯಾಟರಿಯಿಂದ ಒಂದು ಗೇಣಿನೊಳಗೇ 5 ಆಂಪಿಯರಿನ ಫ್ಯೂಸ್ ಹಾಕಿದರು. ತೂತಿಗೆ ರಬ್ಬರ್ ಬಳೆ ತೊಡಿಸಿದರು. ಆಮೇಲೆ ವೈರಿನಲ್ಲಿ ಎಲ್ಲೇ ಶಾರ್ಟ್ ಆದರೂ ಫ್ಯೂಸಿನ ಆಚೆಗೇ ಆಗಬೇಕು, ಕ್ಷಣಾರ್ಧದಲ್ಲಿ ಅದು ಕರಗಬೇಕು. ಕೆಲಸ ಶುರುಮಾಡುವ ಮುನ್ನ ಅವರು ಬ್ಯಾಟರಿಯ ಋಣ ತುದಿಯನ್ನೇ ಮೊದಲು ಬಿಚ್ಚಿದ್ದನ್ನೂ ಗಮನಿಸಿದೆ. ಧನ ತುದಿಯನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೆ ಅದೇ ಕಥೆ, ವೈರಿನ ಬದಲು ಸ್ಪ್ಯಾನರ್. ಋಣ ತುದಿಯಾದರೆ ತಗುಲಿದರೂ ಏನೂ ಇಲ್ಲ, ಅದು ಮೊದಲೇ ಮೈಗೆ ಸೇರಿದ್ದು. ಕೂಲಿ ಕೇಳಿದ್ದು ಬಹಳ ಕಡಿಮೆ. ಮಾವ ಎರಡು ಅಚ್ಚು ಬೆಲ್ಲ ಸೇರಿಸಿ ಕೊಟ್ಟರು.

ಆ ರೇಡಿಯೊ ಮುಂದೆ ಮೂರು ವರ್ಷ ಹಾಡಿತು. ವರ್ಲ್ಡ್‌ಸ್ಪೇಸ್‌ನ ಮೂಲ ಸಂಸ್ಥೆ 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ರಕ್ಷಣೆ ಕೋರಿತು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಅದರ ಸೇವೆ ನಿಂತಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಆಂಟೆನಾ ಸರಿಯಾಗಿತ್ತು, ಕೇಳಲು ಏನೂ ಇರಲಿಲ್ಲ. ಮಾವ ಮರುದಿನದಿಂದ ಮೈಸೂರು ಆಕಾಶವಾಣಿಗೆ ಮರಳಿದರು.

ಇಂದು ನಿಮ್ಮ ಊರಿನ ಟ್ಯಾಕ್ಸಿ, ಬಸ್ಸುಗಳಲ್ಲಿ ನೋಡಿ. 2019ರ ಜನವರಿ 1ರಿಂದ ನೋಂದಣಿಯಾದ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ, ಎಲ್ಲಿದೆ ಎಂದು ತಿಳಿಸುವ ಪೆಟ್ಟಿಗೆ ಇರಬೇಕೆಂಬ ನಿಯಮ ಬಂದಿದೆ. ಅದರ ಆಂಟೆನಾ ಹಿಡಿಯುವುದು ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ಅಲೆಯನ್ನು. ಮಾವನ ರೇಡಿಯೊದ ನೆರೆಮನೆಯಂಥ ಆವರ್ತನ. ನಮ್ಮದೇ ನಾವಿಕ್ ವ್ಯವಸ್ಥೆಯ ಎನ್‌ವಿಎಸ್-01 ಉಪಗ್ರಹವೂ 2023ರ ಮೇ ತಿಂಗಳಿನಿಂದ ಮೇಲಿದ್ದು ಈ ಆವರ್ತನಕ್ಕೆ ಸಜ್ಜಾಗಿದೆ. ಆ ಪುಟ್ಟ ಆಂಟೆನಾವೂ ಅಂಗಾತ ಮಲಗಿಯೇ ಆಕಾಶ ನೋಡಬೇಕು. ಪ್ಲಾಸ್ಟಿಕ್ಕಿನ ಕೆಳಗೆ ಇಟ್ಟರೆ ನಡೆಯುತ್ತದೆ, ತಗಡಿನ ಕೆಳಗೆ ನಡೆಯುವುದಿಲ್ಲ. ಅದಕ್ಕೂ ಒಂದು ಕೆಂಪು ವೈರು ಬ್ಯಾಟರಿಯಿಂದ ಬರುತ್ತದೆ. ಅವಕಾಶ ಸಿಕ್ಕರೆ ಮಾಲೀಕರನ್ನು ಕೇಳಿ, ಬಾನೆಟ್ ಎತ್ತಿಸಿ, ಫ್ಯೂಸ್ ಯಾವ ತುದಿಯಲ್ಲಿದೆ ನೋಡಿ.

ಮಾವ 2012ರಲ್ಲಿ ಆ ಅಂಬಾಸಿಡರನ್ನು ಮಾರಿದರು. ಪೆಟ್ಟಿಗೆ, ಆಂಟೆನಾ, ಕ್ಯಾಸೆಟ್ ಅಡಾಪ್ಟರ್ ಎಲ್ಲವನ್ನೂ ನಾನು ಬಿಚ್ಚಿಕೊಂಡು ಬಂದೆ. ಪಾಂಡವಪುರದವರು ಎಳೆದ ವೈರನ್ನೂ ಫ್ಯೂಸನ್ನೂ ಹಾಗೆಯೇ ಬಿಟ್ಟೆವು. ಕೊಂಡವರು ಅದಕ್ಕೆ ಮೊಬೈಲ್ ಚಾರ್ಜರ್ ಸಿಕ್ಕಿಸಿಕೊಂಡರು ಎಂದು ಮಾವ ಆಮೇಲೆ ಹೇಳಿದರು.